ಕಾಲು ನೋಡ್ರಿ

ಹೈದರಾಬಾದಿಗೆ ಸಾಫ್ಟ್‌ವೇರ್ ಕಂಪನಿಗಳು ನುಗ್ಗುತ್ತಿದ್ದ ಕಾಲ. ತಾರ್ನಾಕದ ಬಯಲು ಕೋರ್ಟಿನಲ್ಲಿ ನನ್ನ ಬ್ಯಾಡ್ಮಿಂಟನ್ ಜೋಡಿಯಾಗಿದ್ದವರು ವಿಜಾಪುರದ ಕಡೆಯವರು. ಭಾನುವಾರ ತಮ್ಮ ಹ್ಯಾಂಡಿಕ್ಯಾಮಿನಲ್ಲಿ ನನ್ನ ಆಟ ಹಿಡಿದು, ಪುಟ್ಟ ಪರದೆಗೆ ಬಿಸಿಲು ತಾಗದಂತೆ ಇಬ್ಬರ ತಲೆಗೂ ಟವೆಲ್ ಹೊದಿಸಿ, ಅದನ್ನು ತೋರಿಸುತ್ತಿದ್ದರು.

“ಕೈ ಬಿಡ್ರಿ, ಕಾಲು ನೋಡ್ರಿ. ತಡಾ ಆಗಾಕತ್ತಾವ.”

ಅವರಿಗೆ ವರ್ಗವಾದ ವಾರ, ಅವರ ಆಟವನ್ನು ನಾನು ಹಿಡಿದೆ. ಗುಂಡಿ ಉಲ್ಟಾ ಒತ್ತಿದ್ದೆ. ಆಟವಿಡೀ ಕ್ಯಾಮೆರಾ ಸುಮ್ಮನಿದ್ದು, ಮುಗಿಯಿತೆಂದು ಒತ್ತಿದಾಗ ಓಡತೊಡಗಿತ್ತು. ಸಿಕ್ಕಿದ್ದು ಅವರತ್ತ ನಡೆಯುವ ನನ್ನ ಬೂಟುಗಳು ಮಾತ್ರ. ಟವೆಲ್ಲಿನೊಳಗೆ ಅವರು ನಕ್ಕರು.

“ಇರಲಿ ಬಿಡ್ರಿ, ಕಾಲು ಭಾಳ ಚಂದ ಬಂದಾವ.”

ಈಗ ನನ್ನ ಕಾಲು ತಡವಾಗುವುದಿಲ್ಲ. ಆದರೂ ಅವರು ಕೊಟ್ಟುಹೋದ ಆ ತುಣುಕನ್ನು ಹಾಕಿಕೊಂಡು ಕೂರುತ್ತೇನೆ. ಅದರಲ್ಲಿ ಅವರಿಲ್ಲ, “ಬರ್ರಿ, ನೋಡೂಣು” ಎಂಬ ದನಿಯಷ್ಟೇ ಇದೆ. ಬೂಟುಗಳು ಅದರತ್ತ ನಡೆಯುತ್ತವೆ. ತಲುಪುವ ಮೊದಲೇ ಪರದೆ ಆರುತ್ತದೆ.