ಸುಡುಮಣ್ಣಿನ ರಾಶಿಯಿಂದ ತುಂಬಿದ ಚೀಲ

ಬಾಯಮ್ಮ, ಆ ಮೊದಲ ಚೀಲದ ಮಣ್ಣು ನಿಮ್ಮ ಗೇರುಮರದ ಬುಡದ್ದಲ್ಲ. ನಾನು ಅಲ್ಲಿ ಅಗೆಯಲೇ ಇಲ್ಲ. ನಿಮ್ಮನ್ನು ಸುಳ್ಳಿ ಮಾಡಿದ್ದು ನಾನು — ಮೂಡುಬಿದಿರೆಯಲ್ಲಿ ಮಣ್ಣು ಪರೀಕ್ಷೆ ಮಾಡಿದ ಮಿಷನ್ ಅಲ್ಲ.

ನಿಮಗೆ ಗೊತ್ತಿದ್ದದ್ದನ್ನೂ ಬರೆಯುತ್ತೇನೆ, ಬೇರೆಯವರೂ ಓದಲಿ. ಪುಂಜಾಲಕಟ್ಟೆಯ ಗುಡ್ಡದಲ್ಲಿ ನೀವು ಪರವಾನಗಿ ಪಡೆದು ಗೇರುಹಣ್ಣಿನ ಸಾರಾಯಿ ಇಳಿಸುತ್ತಿದ್ದಿರಿ. ಬಾಟಲಿಯ ಮೇಲೆ ಊರಿನ ಹೆಸರು ಬರಬೇಕು ಎಂಬುದು ನಿಮ್ಮ ಹಠ. ಕೊಳ್ಳುವವರಿಗೆ ಅನುಮಾನ — ಹಣ್ಣು ಹೊರಗಿನದ್ದು ಅಂತ. ಅದಕ್ಕೇ ಮೂಡುಬಿದಿರೆಯ ಪ್ರಯೋಗಾಲಯದಿಂದ ಪರೀಕ್ಷೆಯ ಸರ್ ಬಂದದ್ದು. ಮಣ್ಣಿನ ಗುರುತು ಎಲೆಗೆ ಬರುತ್ತದೆ, ಹಣ್ಣಿಗೂ ಬರುತ್ತದೆ, ಸಾರಾಯಿಯಲ್ಲೂ ಒಂಚೂರು ಉಳಿಯುತ್ತದೆ, ಮೂರನ್ನೂ ಹೋಲಿಸಿದರೆ ಊರು ತಿಳಿಯುತ್ತದೆ ಎಂದರು. ಎಲೆ, ಮಣ್ಣು ತಂದುಕೊಡುವ ಕೆಲಸ ನಿಮ್ಮಲ್ಲಿ ಕೆಲಸಕ್ಕಿದ್ದ ನನ್ನದು.

ಎಲೆ ಸರಿಯಾಗಿಯೇ ಕೊಯ್ದೆ. ಮಣ್ಣು — ಬೇಸಗೆಯ ಮುರಕಲ್ಲು ಗುಡ್ಡ, ಪಿಕ್ಕಾಸು ಹಾಕಿದರೆ ಕೈಯೇ ನಡುಗುತ್ತದೆ. ಪಕ್ಕದ ತೋಟದ ಅಂಚಿನಲ್ಲಿ ಸುಡುಮಣ್ಣಿನ ರಾಶಿ ಇತ್ತು. ಸೊಪ್ಪು, ಕಸ ಹಾಕಿ ಸುಟ್ಟ ಗೊಬ್ಬರದ ಮಣ್ಣು, ಮೆತ್ತಗೆ. ಎರಡು ಬೊಗಸೆ ತುಂಬಿ ಚೀಲದ ಬಾಯಿ ಕಟ್ಟಿದೆ. ಮಣ್ಣು ಮಣ್ಣೇ ಅಲ್ಲವಾ ಅಂದುಕೊಂಡೆ. ಬೂದಿ ಸೇರಿದರೆ ಲೆಕ್ಕವೇ ತಪ್ಪುತ್ತದೆ ಎಂಬ ಬುದ್ಧಿ ನನಗೆಲ್ಲಿ.

"ಬುಡದ್ದೇ ಅಲ್ವಾ ದಿನೇಶ?" ಎಂದು ಸರ್ ಕೇಳಿದರು.

"ಹೌದು ಸರ್, ಬುಡದ್ದೇ."

ವರದಿ ಬಂತು. ಎಲೆಗೂ ಸಾರಾಯಿಗೂ ಹೊಂದುತ್ತದೆ, ಮಣ್ಣಿಗೆ ಹೊಂದುವುದಿಲ್ಲ. ಎಲೆಯನ್ನೂ ಹಣ್ಣಿನ ಜೊತೆ ಹೊರಗಿನಿಂದಲೇ ತಂದಿದ್ದೀರಿ ಎಂದು ಕೊಳ್ಳುವವರು ಆಡಿಕೊಂಡರು. ಆ ವರ್ಷ ವಿಟ್ಲದ ಸಂತೆಯಲ್ಲಿ ಒಬ್ಬ ನಿಮ್ಮ ಮುಖಕ್ಕೇ ಕೇಳಿದ. "ಬಾಯಮ್ಮ, ಈ ಸಲ ಹಣ್ಣು ಯಾವ ಊರಿನ ಬಸ್ಸಲ್ಲಿ ಬಂತು?" ನೀವು ಬಾಟಲಿಗಳನ್ನು ಬುಟ್ಟಿಗೆ ತುಂಬಿಕೊಂಡಿರಿ. ನಾನು ಪಕ್ಕದಲ್ಲೇ ಇದ್ದೆ. ಬುಟ್ಟಿ ಎತ್ತಿಕೊಟ್ಟೆ.

ಮರು ಬೇಸಗೆ ತಡೆಯಲಾಗಲಿಲ್ಲ. ಎಸ್‌ಟಿಡಿ ಬೂತಿನಿಂದ ಸರ್‌ಗೆ ಫೋನು ಮಾಡಿದೆ. "ಮಿಷನ್ ತಪ್ಪಿರಬೇಕು ಸರ್. ಇನ್ನೊಮ್ಮೆ ನೋಡುವ." ಆಗಲೂ ನಿಜ ಬಾಯಿಗೆ ಬರಲಿಲ್ಲ —

ಸರ್ ಬಂದು ಎದುರು ನಿಂತರು. ನಾನು ಹನ್ನೆರಡು ಮರದ ಬುಡ ಅಗೆದೆ. ಅಂಗೈ ಒಡೆದು ನೆತ್ತರು ಬಂತು. ಈ ಸಲ ಎಲೆ, ಮಣ್ಣು, ಸಾರಾಯಿ ಮೂರೂ ಒಂದೇ ಹೇಳಿದವು. ಗೆದ್ದಿರಿ ಬಾಯಮ್ಮ. ಊರಿನ ಹೆಸರಿನ ಚೀಟಿ ಅಂಟಿಸಿದ ಮೊದಲ ಬಾಟಲಿ ಹಿಡಿದು ವಿಟ್ಲ ಪೇಟೆಗೆ ಬಂದಿರಿ. ಅಣಕಿಸಿದವರೇ ಎದ್ದು ನಿಂತು ಜಾಗ ಬಿಟ್ಟರು. ಅಂಥ ದಿನ ನಾನು ಇನ್ನೊಂದು ನೋಡಿಲ್ಲ.

ಆಗ ನೀವು ನನ್ನ ತಲೆ ಮೇಲೆ ಕೈಯಿಟ್ಟಿರಿ. "ಈ ದಿನೇಶ ಹಟ ಹಿಡೀದಿದ್ರೆ ನಾನು ಕಳ್ಳಿ ಅಂತ ಹೇಳಿಸ್ಕೊಂಡೇ ಸಾಯ್ತಿದ್ದೆ ಮಾರಾಯ್ರೆ." ಎಲ್ಲರೂ ನನ್ನನ್ನು ನೋಡಿದರು. ನಾನು ನಕ್ಕೆ. ಆ ನಗು ಇಷ್ಟು ವರ್ಷ —

ಸಾಕು. ಮೊದಲ ವರದಿ ಕೆಟ್ಟದ್ದು ನನ್ನಿಂದ, ನನ್ನ ಹೆಸರು ಹಾಕಿಯೇ ಬರೆದಿಡಿ ಎಂದು ಸರ್‌ಗೆ ಕಾಗದ ಹಾಕಿದ್ದೇನೆ. ಭಾನುವಾರ ನೀವು ಪೂಜೆ ಮುಗಿಸಿ ಇಗರ್ಜಿಯಿಂದ ಹೊರಗೆ ಬರುವಾಗ ಬರುತ್ತೇನೆ. ಜನ ಇರುವಾಗಲೇ ಹೇಳುತ್ತೇನೆ. ನೀವು ಬೈದು ಮುಗಿಸುವವರೆಗೆ ಅಲ್ಲಿಂದ ಕದಲುವುದಿಲ್ಲ.