ಅತ್ತಿಗೆಯ ಪಾಸ್‌ವರ್ಡ್, ಒಂದೆಲಗದ ಚಟ್ನಿ

ಆ ಭಾನುವಾರ ಬೆಳಿಗ್ಗೆ ಅಣ್ಣನ ಮನೆಯ ನಡುಮನೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಮೇಲೆ ಕೂತ ಅತ್ತಿಗೆ, ಕಿಟಕಿಯ ಹತ್ತಿರ ಪೇಪರು ಹಿಡಿದ ಅಣ್ಣ, ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಚಿಂತಾಮಣಿಯಿಂದ ಅಂಬಾಜಿದುರ್ಗದ ಕೆಳಗಿನ ಈ ಊರಿಗೆ ಸ್ಕೂಟರಿನಲ್ಲಿ ಬಂದಿದ್ದ ಕಂಪ್ಯೂಟರ್ ಅಂಗಡಿಯವನು, ಗೌರಿಬಿದನೂರಿನಿಂದ ಮೊದಲ ಬಸ್ಸಿಗೆ ಹೊರಟು ಬಂದ ನಾನು. ಅತ್ತಿಗೆಯ ಪಕ್ಕದಲ್ಲಿ ಒಂದು ಬಟ್ಟಲು ಒಂದೆಲಗದ ಚಟ್ನಿ ಇತ್ತು. ಅದನ್ನು ನೋಡಿದ್ದೇ ನನಗೆ ಮೈಯೆಲ್ಲ ಉರಿಯಿತು.

ಒಂದೆಲಗ ತಿಂದರೆ ಮರೆವು ಹೋಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಪರೀಕ್ಷೆಗೆ ಕೂರುವ ಮಕ್ಕಳಿಗೆ ಅರೆದು ತಿನ್ನಿಸುತ್ತಾರೆ. ಇಲ್ಲಿ ಪ್ರಶ್ನೆಪತ್ರಿಕೆ ಬರೆಯುವ ಟೀಚರಮ್ಮನಿಗೇ, ನಮ್ಮ ಅತ್ತಿಗೆಗೇ, ಅಣ್ಣ ಎರಡು ದಿನದಿಂದ ಮೂರು ಹೊತ್ತೂ ತಿನ್ನಿಸಿದ್ದ! ಹಳೆಯ ವಿದ್ಯಾರ್ಥಿ ಸಂತೆಯಲ್ಲಿ ಸಿಕ್ಕರೆ ಅವನ ಹಾಜರಿ ಸಂಖ್ಯೆಯನ್ನು ಅವನಿಗೇ ನೆನಪಿಸುವ ಹೆಂಗಸು ಅವರು. ಬಳಗದವರ ಫೋನ್ ನಂಬರುಗಳೆಲ್ಲ ಅವರ ಬಾಯಲ್ಲೇ ಇವೆ.

ಆದದ್ದಿಷ್ಟು. ಅತ್ತಿಗೆ ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಾರೆ. ಅರ್ಧವಾರ್ಷಿಕ ಪರೀಕ್ಷೆಗೆ ಮೂರು ತರಗತಿಗಳ ಪ್ರಶ್ನೆಪತ್ರಿಕೆಯನ್ನು ಚಿತ್ರಗಳ ಸಮೇತ ತಾವೇ ಟೈಪು ಮಾಡಿದ್ದರು. ಪ್ರಶ್ನೆಗಳು ಹೊರಬೀಳಬಾರದೆಂದು ಹೆಡ್‌ಮಾಸ್ತರು ಎರಡು ಆಜ್ಞೆ ಹೊರಡಿಸಿದ್ದರು: ಇನ್ನೆಲ್ಲೂ ನಕಲು ಇಡಬಾರದು, ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಹಾಕಬೇಕು. ಈ ಅಂಗಡಿಯವನಿಂದಲೇ ಕೊಂಡ, ಅಲ್ಲಿಯವರೆಗೆ ಪಾಸ್‌ವರ್ಡೇ ಇಲ್ಲದೆ ತೆರೆದುಕೊಳ್ಳುತ್ತಿದ್ದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿಗೆ ಅತ್ತಿಗೆ ಗುರುವಾರ ಸಂಜೆ ಮನೆಯ ಹಸುವಿನ ಹೆಸರನ್ನು ಪಾಸ್‌ವರ್ಡ್ ಮಾಡಿ ಮುಚ್ಚಿಟ್ಟರು. ಶುಕ್ರವಾರ ಅದು ‘ತಪ್ಪು’ ಎಂದಿತು. ಶನಿವಾರವೂ ತಪ್ಪು. ಸೋಮವಾರ ಬೆಳಿಗ್ಗೆ ಪತ್ರಿಕೆಗಳನ್ನು ಒಪ್ಪಿಸಬೇಕಿತ್ತು.

“ಫಾರ್ಮ್ಯಾಟ್ ಮಾಡಿಬಿಡಣ ಮೇಡಂ. ಒಳಗಿರೋದೆಲ್ಲ ಹೋಗ್ತದೆ, ಬೇರೆ ದಾರಿಯಿಲ್ಲ. ಇದು ದುಡ್ಡು ಕೊಡದೆ ಇಂಟರ್ನೆಟ್ಟಿಂದ ಹಾಕ್ಕೊಳ್ಳೋ ಪುಕ್ಕಟೆ ಸಿಸ್ಟಮ್ಮು, ಹಿಂಗೇ ಆಡ್ತದೆ,” ಅಂದ ಅಂಗಡಿಯವನು.

“ಆ ಪುಕ್ಕಟೆ ಸಿಸ್ಟಮ್ಮು ಹಾಕಿಕೊಟ್ಟೋನು ಯಾರಪ್ಪಾ?” ಅಂದೆ.

“ನಾನೇ ಸಾರ್. ಸಿಸ್ಟಮ್ಮೇನೋ ಚೆನ್ನಾಗೈತೆ. ಪಾಸ್‌ವರ್ಡ್ ಮರೆತ್ರೆ ಅದಾದ್ರೂ ಏನ್ ಮಾಡ್ತದೆ?”

ಒಂದೇ ಉಸಿರಿನಲ್ಲಿ ಎರಡು ಮಾತು. ಅತ್ತಿಗೆ ಬಾಯಿ ತೆರೆಯುವ ಮೊದಲೇ ಅಣ್ಣ, “ಐವತ್ತು ದಾಟಿದ ಮೇಲೆ ಮರೆವು ಯಾರಿಗಿಲ್ಲ ಕಣೇ, ಒಪ್ಕೊಂಡುಬಿಡು,” ಅಂದ. ತನ್ನ ಕನ್ನಡಕ ಎಲ್ಲಿದೆಯೆಂದು ದಿನಾ ಅವರನ್ನೇ ಕೇಳುವ ಗಂಡಸು!

ಅಷ್ಟರಲ್ಲಿ ಅಂಗಡಿಯವನಿಗೆ ಫೋನು ಬಂತು. ನಮಗೆ ತಿಳಿಯಲಾರದೆಂದು ಎಣಿಸಿದನೋ ಏನೋ, ತೆಲುಗಿನಲ್ಲಿ ಶುರುಮಾಡಿದ: “ಈ ಮೇಡಮ್ಮು ಮರ್ಚಿಪೋಯಿಂದಿರಾ, ನಾ ಪ್ರಾಣಂ ತೀಸ್ತೋಂದಿ.” ಅತ್ತಿಗೆ ಮರೆತುಬಿಟ್ಟು ಅವನ ಪ್ರಾಣ ತಿನ್ನುತ್ತಿದ್ದಾರಂತೆ! ನಮ್ಮ ಮನೆಯಲ್ಲಿ ಅಜ್ಜಿ ಮುದ್ದಿಸುತ್ತಿದ್ದುದು ಕನ್ನಡದಲ್ಲಿ, ಬೈಯುತ್ತಿದ್ದುದು ತೆಲುಗಿನಲ್ಲಿ. ಆ ಬೈಗುಳಗಳಲ್ಲಿ ಅರ್ಧದಷ್ಟು ನನ್ನ ನಾಲಿಗೆಯ ತುದಿಗೆ ಬಂದವು. ಆದರೆ ಅತ್ತಿಗೆಯೇ ಮೆಲ್ಲಗೆ, “ನೇನೇಮೀ ಮರ್ಚಿಪೋಲೇದು ನಾಯನಾ. ನಾನೇನೂ ಮರೆತಿಲ್ಲ,” ಅಂದರು. ಅವರ ಕಣ್ಣಲ್ಲಿ ನೀರಿತ್ತು. ಅವನು ಫೋನು ಇಟ್ಟ.

ನಾನು ಲ್ಯಾಪ್‌ಟಾಪನ್ನು ನನ್ನ ಕಡೆಗೆ ಎಳೆದುಕೊಂಡೆ. ಕೀಲಿಗಳ ಮೇಲೆಲ್ಲ ಇಂಗ್ಲಿಷ್ ಅಕ್ಷರದ ಸ್ಟಿಕ್ಕರುಗಳಿದ್ದವು. ಒಂದು ಮಾತ್ರ ಉದುರಿಹೋಗಿ, ಅದರ ಅಡಿಯಲ್ಲಿ ತಲೆಯ ಮೇಲೆ ಎರಡು ಚುಕ್ಕೆ ಇಟ್ಟುಕೊಂಡ ‘ಯು’ ಅಕ್ಷರ ಕಾಣುತ್ತಿತ್ತು.

“ಇದೇನು ಅತ್ತಿಗೆ?”

“ತಂದ ದಿನಾನೇ ಕೇಳ್ದೆ ಕಣಪ್ಪಾ. ಡಿಸೈನು ಅಂದ್ರು ಇವ್ರು.”

ಡಿಸೈನಂತೆ! ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಜರ್ಮನಿಯಿಂದ ಬಂದ ಯಂತ್ರವೊಂದಿದೆ. ಅದರ ಕೀಬೋರ್ಡಿನಲ್ಲೂ ಈ ಚುಕ್ಕೆಯ ಅಕ್ಷರಗಳಿವೆ. ಅದರಲ್ಲಿ ವೈ ಇರಬೇಕಾದ ಕಡೆ ಜೆಡ್, ಜೆಡ್ ಇರಬೇಕಾದ ಕಡೆ ವೈ. ಮೊದಲ ವಾರ ನಾನೂ ಅದರ ಮುಂದೆ ಪೆದ್ದನಂತೆ ನಿಂತಿದ್ದೆ. ಪಾಸ್‌ವರ್ಡ್ ಬರೆದರೆ ಪರದೆಯ ಮೇಲೆ ಬರೀ ಚುಕ್ಕೆಗಳು ಮೂಡುತ್ತವೆ. ಬಳಕೆದಾರರ ಹೆಸರು ಬರೆಯುವ ಜಾಗದಲ್ಲಾದರೆ ಅಕ್ಷರ ಕಾಣುತ್ತದೆ. ಅಲ್ಲಿ ವೈ ಎಂದು ಸ್ಟಿಕ್ಕರಿದ್ದ ಕೀಲಿಯನ್ನು ಒತ್ತಿದೆ. ಜೆಡ್ ಮೂಡಿತು.

“ಹಸುವಿನ ಹೆಸರಲ್ಲಿ ವೈ ಇದೆ,” ಅಂದರು ಅತ್ತಿಗೆ. ಹೊಸ ಸ್ಟೀಲ್ ಪಾತ್ರೆಯ ಚೀಟಿ ಕೀಳುವಂತೆ ಉಗುರು ಹಾಕಿ ಆ ಸ್ಟಿಕ್ಕರನ್ನು ಎಬ್ಬಿಸಿದರು. ಕೆಳಗೆ ಜೆಡ್ ಕೂತಿತ್ತು.

ಅಂಗಡಿಯವನು ಕೀಲಿಗಳಿಗೆ ಸ್ಟಿಕ್ಕರು ಅಂಟಿಸಿ, ಸಿಸ್ಟಮ್ಮಿನ ಒಳಗೆ ಇಂಗ್ಲಿಷ್ ಮಾಡಿ, ಬಾಗಿಲಲ್ಲಿ, ಅಂದರೆ ಪಾಸ್‌ವರ್ಡ್ ಕೇಳುವ ಪರದೆಯಲ್ಲಿ, ಜರ್ಮನ್ ಕೀಬೋರ್ಡನ್ನು ಹಾಗೇ ಬಿಟ್ಟಿದ್ದ. ಅತ್ತಿಗೆ ಬೀಗ ಹಾಕಿದ್ದು ಒಳಗಿನಿಂದ, ತೆಗೆಯಲು ಹೋದದ್ದು ಹೊರಗಿನಿಂದ. ಅವನು ಬೈದ ಪುಕ್ಕಟೆ ಸಿಸ್ಟಮ್ಮು ಮಾತ್ರ ಪರದೆಯ ಮೂಲೆಯಲ್ಲಿ ‘ಡಿ ಇ’ ಎಂದು, ತಾನು ಜರ್ಮನಿನಲ್ಲಿದ್ದೇನೆಂದು, ಮೂರು ದಿನದಿಂದ ಹೇಳುತ್ತಲೇ ಇತ್ತು. ನೋಡುವವರಿರಲಿಲ್ಲ. ಹೆಂಗಸಿನ ತಲೆಯನ್ನು ಅನುಮಾನಿಸುವುದು ಸುಲಭವಾಗಿತ್ತು, ಕೀಲಿಯನ್ನು ಅನುಮಾನಿಸುವುದು ಯಾರಿಗೂ ಹೊಳೆಯಲಿಲ್ಲ. ಇನ್ನೊಂದು ಗಂಟೆ ತಡವಾಗಿದ್ದರೆ ಅಂಗಡಿಯವನು ಅಷ್ಟೂ ಪತ್ರಿಕೆಗಳನ್ನು ಒರೆಸಿಹಾಕಿ, ಮರೆವಿನ ಹಣೆಪಟ್ಟಿಯನ್ನು ಅತ್ತಿಗೆಗೆ ಅಂಟಿಸಿ ಹೋಗುತ್ತಿದ್ದ.

ಅತ್ತಿಗೆ ವೈ ಬರುವ ಕಡೆ ಜೆಡ್ ಸ್ಟಿಕ್ಕರಿನ ಕೀಲಿಯನ್ನು ಒತ್ತಿ ಹಸುವಿನ ಹೆಸರನ್ನು ಬರೆದರು. ಬಾಗಿಲು ತೆರೆಯಿತು. ಮೂರೂ ಪತ್ರಿಕೆ ಇದ್ದವು. ಬಾಗಿಲನ್ನೂ ಇಂಗ್ಲಿಷಿಗೆ ಬದಲಾಯಿಸಿ ಕೊಟ್ಟೆ.

“ಹೊರದೇಶದ ಹಳೇ ಮಾಲು, ಲಾಟ್‌ನಲ್ಲೇ ಹಂಗ್ ಬಂದಿತ್ತು ಸಾರ್,” ಅಂದ ಅಂಗಡಿಯವನು. ಅಣ್ಣ ಪೇಪರಿನಿಂದ ಮುಖ ಎತ್ತಲಿಲ್ಲ. ಇಬ್ಬರ ಬಾಯಿಂದಲೂ ‘ತಪ್ಪಾಯ್ತು’ ಅನ್ನುವ ಮಾತು ಹೊರಡಲಿಲ್ಲ. ಅದಕ್ಕೇ ಇವತ್ತಿಗೂ ನನ್ನ ಸಿಟ್ಟು ಇಳಿದಿಲ್ಲ.

ಸೋಮವಾರ ಪತ್ರಿಕೆಗಳು ಶಾಲೆ ಸೇರಿದವು. ಹದಿನೈದು ದಿನದ ಮೇಲೆ ಅಂಗಡಿಯವನು ಅದೇ ಲಾಟಿನ, ಹೀಗೇ ‘ತಪ್ಪು’ ಎನ್ನುತ್ತಿದ್ದ ಇನ್ನೊಂದು ಲ್ಯಾಪ್‌ಟಾಪ್ ಹಿಡಿದುಕೊಂಡು ಅತ್ತಿಗೆಯ ಮನೆಗೇ ಬಂದನಂತೆ. ಅತ್ತಿಗೆ ಬಾಗಿಲಲ್ಲೇ ಅದನ್ನು ತೆರೆದುಕೊಟ್ಟು, ಹಿತ್ತಲಿಗೆ ಹೋಗಿ ಒಂದು ಹಿಡಿ ಒಂದೆಲಗ ಕಿತ್ತು ತಂದು ಅವನ ಬ್ಯಾಗಿಗೆ ಹಾಕಿ ಕಳಿಸಿದರಂತೆ.