ಕರೆಂಟು ಬೇಕು, ಸ್ಥಾವರ ಪಕ್ಕದ ತಾಲ್ಲೂಕಿಗೆ

ತಿಪಟೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ತಪ್ಪಿಗೆ, ತೆಂಗಿನ ನಾರು ಕೊಳ್ಳಲು ಬಂದ ದಂಪತಿಗೆ ನಾನು ದುಭಾಷಿಯಾಗಬೇಕಾಯಿತು. ಗಂಡ ಜರ್ಮನಿಯವನು, ಹೆಂಡತಿ ಫ್ರಾನ್ಸಿನವಳು. ನಾರಿನ ಕಾರ್ಖಾನೆ ತೋರಿಸಿದ ಮೇಲೆ ನೊಣವಿನಕೆರೆ ಹತ್ತಿರದ ನನ್ನ ತವರಿಗೆ ಊಟಕ್ಕೆ ಕರೆದುಕೊಂಡು ಹೋದೆ. ಅವರು ಮುದ್ದೆ ನುಂಗುವುದನ್ನು ನೋಡಲೆಂದೇ ಸೋದರಮಾವ ತುರುವೇಕೆರೆಯಿಂದ ಬಂದಿದ್ದರು.

ಎರಡು ತುತ್ತು ಇಳಿದಿರಬೇಕು, ಪಂಪು ಓಡಿಸುವ ತ್ರೀ ಫೇಸ್ ಕರೆಂಟು ಬಂತು. ಅಮ್ಮ ಸಾರಿನ ಸೌಟನ್ನು ನನ್ನ ಕೈಗೆ ತುರುಕಿ ಪಂಪು ಹಾಕಲು ಓಡಿದಳು. ಬೆಂಕಿ ಬಿತ್ತೇನೋ ಎಂದು ಗಂಡ ಎದ್ದು ನಿಂತ. ತೋಟಕ್ಕೆ ಕರೆಂಟು ಕೊಡುವುದು ದಿನಕ್ಕೆ ಕೆಲವೇ ಗಂಟೆ ಎಂದು ವಿವರಿಸಿದೆ.

"ಅದಕ್ಕೇ ಅಣು ಸ್ಥಾವರ ಬೇಕು," ಅಂದಳು ಹೆಂಡತಿ. ಅವಳ ದೇಶದಲ್ಲಿ ಕರೆಂಟು ಹೆಚ್ಚಾಗಿ ಅದರಿಂದಲೇ. ಅವಳ ಅಪ್ಪ ಅಂಥದ್ದೊಂದರ ಪಕ್ಕದ ಹೊಳೆಯಲ್ಲೇ ಮೀನು ಹಿಡಿಯುತ್ತಾರಂತೆ. ಗಂಡನ ಮುಖ ಕೆಂಪಾಯಿತು. ಅವನ ತಾಯಿ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಣು ವಿರೋಧದ ಮೆರವಣಿಗೆಗೆ ಹೋಗುತ್ತಿದ್ದರಂತೆ. ಜರ್ಮನಿ ಕೊನೆಯ ಸ್ಥಾವರಗಳನ್ನೂ ಮುಚ್ಚಿದ ದಿನ ಕೇಕ್ ಮಾಡಿ ಹಂಚಿದರಂತೆ.

ಅಲ್ಲಿಂದ ಇಬ್ಬರೂ ನನಗೆ ಗೊತ್ತಿಲ್ಲದ ಭಾಷೆಯಲ್ಲಿ ಜಗಳಕ್ಕಿಳಿದರು. ಪಂಪು ಹಾಕಿ ಬಂದ ಅಮ್ಮ ಗಾಬರಿಯಾದಳು.

"ಸಾರಿಗೆ ಉಪ್ಪು ಜಾಸ್ತಿ ಆಯ್ತೇನೇ?"

"ಇಲ್ಲ ಕಣಮ್ಮ, ಕರೆಂಟಿನ ವಿಷ್ಯ."

ಈ ಊರಲ್ಲಿ ಅಣು ಸ್ಥಾವರ ಕಟ್ಟುತ್ತೇವೆಂದರೆ ನಿಮ್ಮ ತಾಯಿ ಒಪ್ಪುತ್ತಾರಾ ಎಂದು ಗಂಡ ಕೇಳಿದ. ಅಮ್ಮ ಯೋಚಿಸಿದಳು.

"ಹಗಲೆಲ್ಲಾ ತ್ರೀ ಫೇಸ್ ಕೊಟ್ರೆ ಯಾಕ್ ಬ್ಯಾಡ ಅನ್ಲಿ? ಕಟ್ಲಿ ಬುಡು. ತುರುವೇಕೆರೆ ಕಡೆ ಕಟ್ಲಿ."

ಮಾವ ಮುದ್ದೆ ಬಿಟ್ಟರು. "ನಮ್ ತಾಲ್ಲೂಕಲ್ಲಿ, ಅಮ್ಮಸಂದ್ರದಲ್ಲಿ ಆಗ್ಲೇ ಒಂದು ಸಿಮೆಂಟ್ ಫ್ಯಾಕ್ಟ್ರಿ ಐತಲ್ಲಕ್ಕ! ಚಿಕ್ಕನಾಯಕನಹಳ್ಳಿ ಕಡೆ ಜಾಗ ಬೇಕಾದಂಗೈತೆ, ಅಲ್ಲಿ ಕಟ್ಲಿ."

ಚಿಕ್ಕನಾಯಕನಹಳ್ಳಿ ನನ್ನ ಗಂಡನ ಮನೆ. ದುಭಾಷಿ ಯಾರ ಪಕ್ಷವನ್ನೂ ವಹಿಸಬಾರದು, ನಿಜ.

"ಯಾಕ್ ಮಾವ, ನಮ್ಮನೇವ್ರೆಲ್ಲಾ ಮನುಷ್ಯರಲ್ವಾ?" ಅಂದುಬಿಟ್ಟೆ.

ಮೂವರೂ ಒಟ್ಟಿಗೇ ಕೂಗಾಡತೊಡಗಿದೆವು. ಈಗ ತೆಪ್ಪಗೆ ಕೂತು ನೋಡುವ ಸರದಿ ಆ ದಂಪತಿಯದು. ಕೊನೆಗೆ ಹೆಂಡತಿ ನನ್ನ ತೋಳು ಮುಟ್ಟಿ, ಏನು ನಡೆಯುತ್ತಿದೆ ಎಂದಳು. ನಾಚಿಕೆಯಿಂದಲೇ ಎಲ್ಲವನ್ನೂ ಹೇಳಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಮ್ಮ ಕಡೆಯೂ ಹೀಗೇ ಮಾತಾಡುತ್ತಾರೆ, ತಾಲ್ಲೂಕಿನ ಹೆಸರು ಮಾತ್ರ ಬೇರೆ ಅಂದ ಗಂಡ.

ಅದನ್ನು ಕನ್ನಡಕ್ಕೆ ತಂದಾಗ ಅಮ್ಮನಿಗೆ ಸಮಾಧಾನವಾಯಿತು. ಇಬ್ಬರಿಗೂ ಕಾಯಿ ಹೋಳಿಗೆ ಬಡಿಸಿ, ಬೇಡವೆನ್ನುವುದರೊಳಗೆ ತುಪ್ಪ ಸುರಿದಳು.